ಕಾರಣವಿಲ್ಲದ ತಲೆನೋವು

ನನಗೊಂದು ಚಟ ಇದೆ. ಇಂಟರ್ನೆಟ್ಟಿನಲ್ಲಿ ಏನು ಹುಡುಕಿದರೂ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಹಾಕದಿದ್ದರೆ ಯಾರನ್ನೋ ಗದರಿಸಿದ ಹಾಗೆ ಅನ್ನಿಸುತ್ತದೆ. ಅಲ್ಪವಿರಾಮವನ್ನೂ ಅದರ ಜಾಗದಲ್ಲೇ ಇಡುತ್ತೇನೆ. ಮಗಳು ನೋಡಿ ನಗುತ್ತಾಳೆ. "ಅಪ್ಪಾ, ಅದು ಇದನ್ನೆಲ್ಲ ನೋಡೋದೇ ಇಲ್ಲ."

ಅವಳ ಮಾತು ಬಹುಮಟ್ಟಿಗೆ ನಿಜ. ಸರ್ಚ್ ಎಂಜಿನ್ ನಾವು ಕೇಳಿದ ಮೇಲೆ ಓದಲು ಕೂರುವುದಿಲ್ಲ. ಮೊದಲೇ ಓದಿ, ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಮಾಡಿಟ್ಟಿರುತ್ತದೆ, ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ. ಪದಸೂಚಿಯಲ್ಲಿ ಅಲ್ಪವಿರಾಮಕ್ಕೆ ಪುಟಸಂಖ್ಯೆ ಕೊಟ್ಟವರುಂಟೇ? ಕೊಡಲು ಹೊರಟರೆ ಎಲ್ಲ ಪುಟಗಳನ್ನೂ ಬರೆಯಬೇಕು. ಹಾಗಾಗಿ ವಾಕ್ಯವನ್ನು ಪದಗಳಾಗಿ ಒಡೆಯುವಾಗಲೇ ಚಿಹ್ನೆಗಳನ್ನು ಗುಡಿಸಿ ಆಚೆ ಹಾಕುತ್ತದೆ.

ಇದರಿಂದ ಪೇಚಿಗೆ ಸಿಕ್ಕವರಿದ್ದಾರೆ. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಒಂದು ಸಂಗೀತ ತಂಡದ ಹೆಸರೇ ಮೂರು ಆಶ್ಚರ್ಯಸೂಚಕ ಚಿಹ್ನೆ. ಒಂದು ಅಕ್ಷರವೂ ಇಲ್ಲ! ಬಾಯಲ್ಲಿ 'ಚಿಕ್ ಚಿಕ್ ಚಿಕ್' ಅನ್ನುತ್ತಾರೆ. ಹುಡುಕುವವರಿಗೂ ಅದೇ ವಾಸಿ. ಪ್ರೋಗ್ರಾಂ ಬರೆಯುವವರ ಪಾಡೂ ಇಂಥದ್ದೇ. ಸಿ, ಸಿ ಪ್ಲಸ್ ಪ್ಲಸ್ (C++), ಸಿ ಶಾರ್ಪ್ (C#) ಮೂರೂ ಬೇರೆ ಬೇರೆ ಭಾಷೆ. ಚಿಹ್ನೆ ಉದುರಿದರೆ ಮೂರೂ ಬರೀ ಸಿ. ಅದಕ್ಕೇ ಗೂಗಲ್ ಇಂಥ ಕೆಲವು ಹೆಸರುಗಳಿಗೆ ವಿನಾಯಿತಿ ಕೊಟ್ಟಿದೆ.

ಎಲ್ಲವನ್ನೂ ಗುಡಿಸುತ್ತದೆ ಅಂತ ನಂಬಿ ಕೂತರೆ ಮೈನಸ್ ಕೈ ಕೊಡುತ್ತದೆ. ಒಮ್ಮೆ ತಲೆನೋವು ಬಂದಿತ್ತು. ಶೀರ್ಷಿಕೆ ಬರೆಯುವ ಠೀವಿಯಲ್ಲಿ 'ತಲೆನೋವು -ಕಾರಣ' ಅಂತ ಹೊಡೆದೆ. ಮೈನಸ್ ಅಂಟಿಕೊಂಡ ಪದ ಇರುವ ಪುಟ ಬೇಡ ಅಂತ ಅದರ ಅರ್ಥ. ಮಾತ್ರೆ ಸಿಕ್ಕಿತು, ಕಷಾಯ ಸಿಕ್ಕಿತು, ತಲೆನೋವಿನ ಜೋಕೂ ಸಿಕ್ಕಿತು. ಕಾರಣ ಮಾತ್ರ ಯಾವ ಪುಟದಲ್ಲೂ ಇಲ್ಲ. ನಾನೇ ಬೇಡ ಅಂದಿದ್ದೆನಲ್ಲ!

ಪ್ಲಸ್ ಕಥೆ ಸ್ವಲ್ಪ ಬೇಜಾರಿನದು. ಮೊದಲು ಗೂಗಲ್‌ನಲ್ಲಿ ಪದದ ಶುರುವಿಗೆ ಪ್ಲಸ್ ಹಾಕಿದರೆ 'ಇದು ಇರಲೇಬೇಕು' ಅಂತ ಅರ್ಥವಿತ್ತು. 2011ರಲ್ಲಿ ಆ ಕೆಲಸ ತೆಗೆದು ಉದ್ಧರಣ ಚಿಹ್ನೆಗೆ ಕೊಟ್ಟರು. ಅದೇ ವರ್ಷ ಗೂಗಲ್ ಪ್ಲಸ್ ಅನ್ನುವ ಹೊಸ ಸಾಮಾಜಿಕ ಜಾಲತಾಣ ಬಂದಿತ್ತು, ಗೊತ್ತಾಯ್ತಲ್ಲ? ಅದೂ 2019ರಲ್ಲಿ ಜನಸಾಮಾನ್ಯರ ಪಾಲಿಗೆ ಮುಚ್ಚಿತು. ಪ್ಲಸ್ಸಿಗೆ ಹಳೆಯ ಕೆಲಸ ವಾಪಸ್ ಸಿಗಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ ಕಣ್ಣಿಗೇ ಕಾಣದ ಒಂದು ಗುರುತು. 'ಸಾಫ್ಟ್‌ವೇರ್' ಅಂತ ಬರೆಯುವಾಗ 'ವೇ' ಒತ್ತಾಗಿ ಕೆಳಗೆ ಇಳಿಯಬಾರದು ಅಂತ ನಡುವೆ ಅದನ್ನು ಹಾಕುತ್ತೇವೆ. ಅದಕ್ಕೆ ಅಗಲವೇ ಇಲ್ಲ, ಆದರೆ ಯುನಿಕೋಡ್‌ನಲ್ಲಿ ಸ್ವಂತ ಸಂಖ್ಯೆ ಇದೆ. ಅದನ್ನು ಹಾಕದೆ 'ಸಾಫ್ಟ್ವೇರ್' ಅಂತ ಬರೆದರೆ ನಮಗೆ ಪದ ಒಂದೇ, ಅಕ್ಷರ ಅಕ್ಷರ ಹೋಲಿಸುವ ಸಾದಾ ಹುಡುಕಾಟಕ್ಕೆ ಎರಡು. ನನ್ನದೇ ಹಳೆಯ ಟಿಪ್ಪಣಿಗಳಲ್ಲಿ ಈ ಪದ ಹುಡುಕಿದೆ. ಇಲ್ಲ ಅಂದಿತು. ಅರ್ಧ ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು: ಆಗ ನಾನು ಆ ಗುರುತು ಹಾಕುತ್ತಿರಲಿಲ್ಲ.

ಈಗ ಅಲ್ಲಿ 'ಸಾಫ್ಟ್' ಅಂತಷ್ಟೇ ಹೊಡೆದು ನಿಲ್ಲಿಸುತ್ತೇನೆ. ಪ್ರಶ್ನಾರ್ಥಕ ಚಿಹ್ನೆ ಹಾಕುವುದಿಲ್ಲ. ಹಾಕಿದರೆ, ಪಾಪ, ಅದನ್ನೂ ಹುಡುಕುತ್ತದೆ.