ಆರನೇ ಇನ್ನಿಂಗ್ಸ್‌ಗೆ ಕರ್ಷಾನನ್ನು ಕಳಿಸಿದ್ದು ಸರಿಯೇ

ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಪಿಚರ್ ಕ್ಲೇಟನ್ ಕರ್ಷಾ ನಿವೃತ್ತನಾಗಿದ್ದಾನೆ. ಅವನ 3000ನೇ ಸ್ಟ್ರೈಕ್‌ಔಟ್ ಬಗ್ಗೆ ನಮ್ಮ ಗುಂಪಿನಲ್ಲಿ ನಡೆಯುವ ಜಗಳ ಮಾತ್ರ ಇನ್ನೂ ನಿವೃತ್ತಿ ತೆಗೆದುಕೊಂಡಿಲ್ಲ. ಲಾಸ್ ಏಂಜಲೀಸ್ ಸುತ್ತಮುತ್ತ ಇರುವ ನಾವು ನಾಲ್ಕು ಜನ ಕನ್ನಡದವರು ಒಂದು ಕಡೆ ಸೇರಿದರೆ ಸಾಕು, ಕಾಫಿ ಸೋಸುವ ಮೊದಲೇ ಶುರು. ಅವತ್ತು ಒಂದೇ ಸ್ಟ್ರೈಕ್‌ಔಟ್ ಬಾಕಿ ಇದ್ದಾಗ ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವನನ್ನು ಆರನೇ ಇನ್ನಿಂಗ್ಸ್‌ಗೂ ಎಸೆಯಲು ಕಳಿಸಿದ್ದು ಸರಿಯಾ, ತಪ್ಪಾ? ನನ್ನ ಪ್ರಕಾರ ಸರಿ. ಯಾಕೆ ಅಂತ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಪ್ರತಿ ಭಾನುವಾರ ಗಂಟಲು ಹರಿದುಕೊಳ್ಳುವುದಾದರೂ ತಪ್ಪುತ್ತದೆ.

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಎರಡೂ ತಂಡ ಮೂರು ಔಟ್ ಆಗುವವರೆಗೆ ಬ್ಯಾಟ್ ಮಾಡುತ್ತವೆ. ಬ್ಯಾಟರ್ ಬೀಸಿಯೂ ತಾಗದ, ಇಲ್ಲವೇ ಹೊಡೆಯುವಂತಿದ್ದರೂ ಸುಮ್ಮನೆ ಬಿಟ್ಟ ಎಸೆತ ಸ್ಟ್ರೈಕ್. ಅಂಥ ಮೂರು ಸ್ಟ್ರೈಕ್ ಬಿದ್ದರೆ ಬ್ಯಾಟರ್ ಔಟ್. ಅದೇ ಸ್ಟ್ರೈಕ್‌ಔಟ್. ಹಿಂದೆ ನಿಂತ ಏಳು ಫೀಲ್ಡರ್‌ಗಳಿಗೆ ಕೆಲಸವೇ ಇಲ್ಲ. ಚೆಂಡು ಎಸೆಯುವ ಪಿಚರ್, ಅದನ್ನು ಹಿಡಿಯುವ ಕ್ಯಾಚರ್, ಇಬ್ಬರಲ್ಲೇ ಮುಗಿದುಹೋಗುತ್ತದೆ. ವರ್ಷಕ್ಕೆ 200 ಸ್ಟ್ರೈಕ್‌ಔಟ್ ತೆಗೆದರೆ ಒಳ್ಳೆಯ ಪಿಚರ್ ಅಂತ ಲೆಕ್ಕ. ಹಾಗೆ 15 ವರ್ಷ ಬಿಡದೆ ತೆಗೆದರೆ 3000. ಹತ್ತಿರ ಹತ್ತಿರ ಒಂದೂವರೆ ಶತಮಾನದ ಮೇಜರ್ ಲೀಗ್‌ನಲ್ಲಿ ಕರ್ಷಾ ಅಲ್ಲಿಗೆ ಮುಟ್ಟಿದ 20ನೆಯವನು. ಎಡಗೈಯವರಲ್ಲಿ ಸ್ಟೀವ್ ಕಾರ್ಲ್‌ಟನ್, ರ‍್ಯಾಂಡಿ ಜಾನ್ಸನ್, ಸಿ.ಸಿ. ಸಬಾಥಿಯಾ ಬಿಟ್ಟರೆ ಇವನೇ. ಅಷ್ಟನ್ನೂ ಒಂದೇ ತಂಡದ ಅಂಗಿ ಹಾಕಿಕೊಂಡು ತೆಗೆದವರು ಇನ್ನೂ ಕಡಿಮೆ. ಹಳೆಯ ಕಾಲದ ವಾಲ್ಟರ್ ಜಾನ್ಸನ್, 60ರ ದಶಕದ ಬಾಬ್ ಗಿಬ್ಸನ್, ಆಮೇಲೆ ನಮ್ಮ ಡಾಡ್ಜರ್ಸ್‌ನ ಈ 22ನೇ ನಂಬರ್.

ನಮ್ಮ ಅಂದೆ. ಗುಂಪಿನಲ್ಲಿ ಒಬ್ಬ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಅಭಿಮಾನಿ ಇದ್ದಾನೆ. ದಾವಣಗೆರೆಯವನು. ಬೇ ಏರಿಯಾದಲ್ಲಿ ಮೊದಲ ಕೆಲಸ ಸಿಕ್ಕಿದ್ದೇ ನೆಪ, ಅಲ್ಲಿಯ ತಂಡ ಅಂಟಿಕೊಂಡಿತು, ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. ಡಾಡ್ಜರ್ಸ್‌ಗೂ ಜೈಂಟ್ಸ್‌ಗೂ ಎರಡೂ ತಂಡ ನ್ಯೂಯಾರ್ಕ್‌ನಲ್ಲಿದ್ದಾಗಿನ ವೈರ. 1958ರಲ್ಲಿ ಇಬ್ಬರೂ ಒಟ್ಟಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದರು, ಜಗಳವನ್ನೂ ಜೊತೆಗೇ ತಂದರು. ಈ ಪೋಸ್ಟಿನಲ್ಲಿ ಎದುರು ವಾದವೆಲ್ಲ ಅವನದೇ.

ಈಗ 2025ರ ಜುಲೈ 2. ಬುಧವಾರ ರಾತ್ರಿ, ಡಾಡ್ಜರ್ ಸ್ಟೇಡಿಯಂ, ಎದುರಿಗೆ ಶಿಕಾಗೋ ವೈಟ್ ಸಾಕ್ಸ್. ಹಿಂದಿನ ವರ್ಷ 121 ಪಂದ್ಯ ಸೋತ ತಂಡ ಅದು. ಕರ್ಷಾಗೆ ಬೇಕಿದ್ದದ್ದು ಮೂರೇ ಮೂರು. ಎರಡನೇ ಇನ್ನಿಂಗ್ಸ್‌ಗೆಲ್ಲ ಆಗಿಹೋಗುತ್ತದೆ, ಬೇಗ ಊಟ ಮಾಡಿ ಮಲಗಬಹುದು ಅಂತ ನಾವೆಲ್ಲ ಕೂತಿದ್ದೆವು.

ಎಲ್ಲಿ ಬಂತು. ಮೊದಲನೆಯದು ಸಿಕ್ಕಿದ್ದೇ ಮೂರನೇ ಇನ್ನಿಂಗ್ಸ್‌ನಲ್ಲಿ. ಅದೂ ಮಿಗೆಲ್ ವಾರ್ಗಸ್, ಹಿಂದಿನ ವರ್ಷದವರೆಗೂ ಡಾಡ್ಜರ್ಸ್‌ನಲ್ಲೇ ಇದ್ದ ಹುಡುಗ. ಎರಡನೆಯದಕ್ಕೆ ಐದನೇ ಇನ್ನಿಂಗ್ಸ್‌ವರೆಗೆ ಕಾಯಬೇಕಾಯಿತು, ಲೆನಿನ್ ಸೋಸಾ. ಈ ಮಧ್ಯೆ ವೈಟ್ ಸಾಕ್ಸ್‌ನವರು ಸುಮ್ನೆ ಕೂತಿರಲಿಲ್ಲ. ಚೆನ್ನಾಗಿಯೇ ಹೊಡೆದರು, ರನ್ ಮಾಡಿಕೊಂಡರು. ಯಾವ ಬ್ಯಾಟರ್‌ಗೆ ಎರಡು ಸ್ಟ್ರೈಕ್ ಬಿದ್ದರೂ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು. ಅವನು ಹೇಗೋ ಬ್ಯಾಟ್ ತಾಗಿಸಿ, ಚೆಂಡು ಫೀಲ್ಡರ್ ಕೈಗೆ ಹೋಗಿ ಔಟ್ ಆದರೆ ನಮ್ಮ ಮನೆಯಲ್ಲಿ ಎಲ್ಲರೂ "ಛೇ" ಅನ್ನೋದು. ಔಟ್ ಆಗಿದ್ದಕ್ಕೆ! ಸ್ವಂತ ತಂಡ ಔಟ್ ಮಾಡಿದರೆ ಬೇಜಾರಾಗುವ ವಿಚಿತ್ರ ರಾತ್ರಿ ಅದು.

ಐದು ಇನ್ನಿಂಗ್ಸ್ ಮುಗಿಯುವಾಗ ಕರ್ಷಾ ಎಸೆದದ್ದು 92 ಎಸೆತ. ತಂಡ ಹಿಂದೆ ಬಿದ್ದಿತ್ತು. ವಯಸ್ಸು 37. 2023ರ ಕೊನೆಗೆ ಭುಜದ ಆಪರೇಷನ್, 2024ರ ಕೊನೆಗೆ ಕಾಲು ಮತ್ತು ಮಂಡಿಯದು. ಬೇರೆ ಯಾವ ದಿನ ಆಗಿದ್ದರೂ ಅಲ್ಲಿಗೆ ಅವನ ಕೆಲಸ ಮುಗಿಯುತ್ತಿತ್ತು. ಡಗ್‌ಔಟ್‌ನಲ್ಲಿ ಕೈಕುಲುಕಿ, ಭುಜಕ್ಕೆ ಐಸ್ ಕಟ್ಟಿಕೊಂಡು ಕೂರುವುದು. "ಈಗ ಇವನನ್ನ ತೆಗೀಲೇಬೇಕು ಕಣೋ," ಅಂದ ದಾವಣಗೆರೆ. "ಇಲ್ಲ ಅಂದ್ರೆ ನಿಮ್ಮವರು ಆಡ್ತಿರೋದು ಮ್ಯಾಚ್ ಅಲ್ಲ, ಸನ್ಮಾನ ಸಮಾರಂಭ."

ರಾಬರ್ಟ್ಸ್ ತೆಗೆಯಲಿಲ್ಲ. ಆರನೇ ಇನ್ನಿಂಗ್ಸ್‌ಗೂ ಕರ್ಷಾನೇ ಮೌಂಡ್‌ಗೆ, ಅಂದರೆ ಪಿಚರ್ ನಿಂತು ಎಸೆಯುವ ದಿಬ್ಬಕ್ಕೆ, ನಡೆದುಕೊಂಡು ಬಂದ. ಜನ ಕೂಗಿದ್ದು ಕೇಳಬೇಕಿತ್ತು.

ಆ ಇನ್ನಿಂಗ್ಸ್‌ನಲ್ಲಿ ಒಂದು ಕೆಟ್ಟ ಘಟನೆಯೂ ಆಯಿತು. ವೈಟ್ ಸಾಕ್ಸ್‌ನ ಮೈಕೆಲ್ ಟೇಲರ್ ಮೂರನೇ ಬೇಸ್ ಕದಿಯಲು, ಅಂದರೆ ಬ್ಯಾಟರ್ ಹೊಡೆಯುವ ಮೊದಲೇ ಮುಂದಿನ ಬೇಸ್ ಸೇರಲು, ಓಡಿ ಜಾರಿಕೊಂಡು ಬಂದವನು ಅಲ್ಲಿದ್ದ ಡಾಡ್ಜರ್ಸ್ ಫೀಲ್ಡರ್ ಮ್ಯಾಕ್ಸ್ ಮನ್ಸಿಯ ಮಂಡಿಗೆ ಡಿಕ್ಕಿ ಹೊಡೆದ. ಮನ್ಸಿ ನೋವಿನಲ್ಲಿ ನೆಲ ಹಿಡಿದ, ಆಟ ನಿಂತಿತು, ಅವನನ್ನು ಹೊರಗೆ ಕರೆದುಕೊಂಡು ಹೋದರು. ಆಗಸ್ಟ್‌ವರೆಗೆ ಅವನು ಮತ್ತೆ ಆಡಲಿಲ್ಲ. "ರಾಬರ್ಟ್ಸ್ ಬೇರೆ ಪಿಚರ್ ಕಳಿಸಿದ್ರೆ ಮನ್ಸಿ ಮಂಡಿ ಉಳೀತಿತ್ತು" ಅಂತ ನಮ್ಮ ಜೈಂಟ್ಸ್ ಮಹಾಶಯ ಇವತ್ತಿಗೂ ಹೇಳುತ್ತಾನೆ. ಇಂಥ ವಾದಕ್ಕೆ ಏನು ಹೇಳೋದು? ಅವತ್ತು ಮಳೆ ಬಂದು ಪಂದ್ಯ ನಿಂತಿದ್ದರೂ ಉಳಿಯುತ್ತಿತ್ತು.

ಆಮೇಲೆ ಬಂದವನು ವಿನ್ನಿ ಕಾಪ್ರಾ. ಕರ್ಷಾ ಎಸೆಯುವ ರೀತಿ ನೋಡಿದವರಿಗೆ ಗೊತ್ತು. ಎರಡೂ ಕೈ ತಲೆಯ ಮೇಲೆ ಎತ್ತುತ್ತಾನೆ, ಬಲಮಂಡಿ ಎದೆಯ ಕಡೆ ಏರುತ್ತದೆ, ಕಾಲು ಕೆಳಗಿಳಿಯುವಾಗ ಮಧ್ಯೆ ಒಂದು ಕ್ಷಣ ತಡೆಯುತ್ತದೆ. ಬ್ಯಾಟರ್‌ನ ತಾಳ ತಪ್ಪುವುದೇ ಅಲ್ಲಿ. ಅದಾದ ಮೇಲೆ ಕೈ ನೇರ ಮೇಲಿನಿಂದ ಬರುತ್ತದೆ. ಕಾಪ್ರಾಗೆ ಬಂದದ್ದು ಗಂಟೆಗೆ 85 ಮೈಲಿಯ ಸ್ಲೈಡರ್ (ಕೊನೆಗೆ ಪಕ್ಕಕ್ಕೆ ಜಾರುವ ಎಸೆತ), ಹೊರಮೂಲೆಗೆ. ಅವನು ಬ್ಯಾಟ್ ಬೀಸಲೇ ಇಲ್ಲ, ನಿಂತು ನೋಡಿದ. ಅಂಪೈರ್ ಕೈ ಎತ್ತಿದ. ಅದು ಕರ್ಷಾನ 100ನೇ ಎಸೆತ, ಆ ರಾತ್ರಿಯ ಕೊನೆಯದೂ ಹೌದು. ಅವನು ಟೋಪಿ ತೆಗೆದು ಜನರ ಕಡೆ ಎತ್ತಿದ. ನಮ್ಮ ಜೈಂಟ್ಸ್ ಮಹಾಶಯನೂ ಚಪ್ಪಾಳೆ ಹೊಡೆದ, ನಾನು ನೋಡಿದ್ದೇನೆ. ಕೇಳಿದರೆ ಸೊಳ್ಳೆ ಹೊಡೆದೆ ಅನ್ನುತ್ತಾನೆ.

85 ಮೈಲಿ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಗಿನ ಹುಡುಗರು 98, 100 ಮೈಲಿಯಲ್ಲಿ ಎಸೆಯುತ್ತಾರೆ. 2025ರಲ್ಲಿ ಕರ್ಷಾನ ಫಾಸ್ಟ್‌ಬಾಲ್ 89ರ ಆಸುಪಾಸಿನಲ್ಲಿತ್ತು. 20ನೇ ವಯಸ್ಸಿನಲ್ಲಿ, 2008ರಲ್ಲಿ ಬಂದಾಗ ಅವನ ಹತ್ತಿರವೂ ಒಳ್ಳೆಯ ವೇಗ ಇತ್ತು. ಜೊತೆಗೆ ತಲೆಯ ಎತ್ತರದಿಂದ ಮಂಡಿಗೆ ಬೀಳುವ ಒಂದು ಕರ್ವ್‌ಬಾಲ್ ಇತ್ತು. ಆ ಕಾಲದ ದೊಡ್ಡ ಕಾಮೆಂಟೇಟರ್ ವಿನ್ ಸ್ಕಲ್ಲಿ ಅದಕ್ಕೆ ಜನರ ನಂಬರ್ 1 ಶತ್ರು ಅಂತ ಹೆಸರಿಟ್ಟಿದ್ದರು. 2015ರಲ್ಲಿ ಒಂದೇ ವರ್ಷದಲ್ಲಿ 301 ಸ್ಟ್ರೈಕ್‌ಔಟ್. ಆಮೇಲೆ ಬೆನ್ನು ಹೋಯಿತು, ಭುಜ ಹೋಯಿತು, ವೇಗ ಹೋಯಿತು. 2024ರಲ್ಲಿ ಬರೀ ಏಳು ಪಂದ್ಯ ಆಡಿ 24 ಸ್ಟ್ರೈಕ್‌ಔಟ್. ಕೊನೆಯ 32ಕ್ಕಾಗಿ ಕಾಲು, ಮಂಡಿ ಕೊಯ್ಸಿಕೊಂಡು ವಾಪಸ್ ಬಂದ ಮನುಷ್ಯ. ಅವನಿಗೆ ಇನ್ನೊಂದು ಇನ್ನಿಂಗ್ಸ್ ಕೊಟ್ಟರೆ ಗಂಟೇನು ಹೋಗುತ್ತದೆ?

ಈಗ ಎದುರು ವಾದದ ಗಟ್ಟಿ ಭಾಗಕ್ಕೆ ಬರುತ್ತೇನೆ. ಇದೇ ರಾಬರ್ಟ್ಸ್ 2022ರ ಏಪ್ರಿಲ್‌ನಲ್ಲಿ ಏನು ಮಾಡಿದ್ದರು? ಮಿನಿಯಾಪೊಲಿಸ್‌ನಲ್ಲಿ, ಕೊರೆಯುವ ಚಳಿಯಲ್ಲಿ, ಕರ್ಷಾ ಏಳು ಇನ್ನಿಂಗ್ಸ್ ಎಸೆದಿದ್ದ. 21 ಬ್ಯಾಟರ್ ಬಂದರು, 21 ಮಂದಿಯೂ ಔಟ್. ಅದರಲ್ಲಿ 13 ಸ್ಟ್ರೈಕ್‌ಔಟ್. ಇನ್ನು ಆರು ಔಟ್ ಆಗಿದ್ದರೆ ಪರ್ಫೆಕ್ಟ್ ಗೇಮ್. ಅದು 3000 ಸ್ಟ್ರೈಕ್‌ಔಟ್‌ನಷ್ಟೇ ಅಪರೂಪದ್ದು, ಇಲ್ಲಿಯವರೆಗೂ ಲೀಗ್‌ನಲ್ಲಿ ಆಗಿರುವುದು 24 ಮಾತ್ರ. ಆಗಿದ್ದ ಎಸೆತ ಬರೀ 80. ರಾಬರ್ಟ್ಸ್ ಅವನನ್ನು ತೆಗೆದರು! ಅಮೆರಿಕ ಪೂರ್ತಿ ಬೈದಿತ್ತು. "80ಕ್ಕೆ ತೆಗೆದವರು 92ಕ್ಕೆ ಯಾಕೆ ಬಿಟ್ರು? ಒಂದೋ ಆವತ್ತು ತಪ್ಪು, ಇಲ್ಲ ಇವತ್ತು ತಪ್ಪು. ಎರಡೂ ಹೇಗೋ ಸರಿ ಆಗುತ್ತೆ?" ಇದು ಗೆಳೆಯನ ಪ್ರಶ್ನೆ.

ಎರಡೂ ಸರಿಯೇ ಅನ್ನುವವನು ನಾನು. 2022ರ ಆ ಪಂದ್ಯ ಕರ್ಷಾಗೆ ಆ ಸೀಸನ್ನಿನ ಮೊದಲನೆಯದು. ಮಾಲೀಕರು ಮತ್ತು ಆಟಗಾರರ ಜಗಳದಿಂದ ಆ ವರ್ಷ ಲೀಗಿಗೆ ಬೀಗ ಬಿದ್ದಿತ್ತು, ತಯಾರಿಯ ದಿನಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದವು. ಅದರ ಹಿಂದಿನ ಅಕ್ಟೋಬರ್ ಪೂರ್ತಿ ಅವನು ಕೈ ನೋವಿನಿಂದ ಹೊರಗಿದ್ದ. ಮುಂದೆ ಆರು ತಿಂಗಳ ಆಟ ಬಾಕಿ. ಅವತ್ತು ಉಳಿಸಬೇಕಾಗಿದ್ದದ್ದು ಆ ತೋಳನ್ನು. ಕರ್ಷಾ ಕೂಡ ಆಮೇಲೆ ಮ್ಯಾನೇಜರ್ ಮಾಡಿದ್ದು ಸರಿ ಅಂತಲೇ ಹೇಳಿದ. 2025ಕ್ಕೆ ಬರುವಾಗ ಯಾವುದಕ್ಕೆ ಉಳಿಸೋದು? ಇದೇ ಕೊನೆಯ ವರ್ಷ ಅಂತ ಎಲ್ಲರಿಗೂ ಒಳಗೊಳಗೇ ಅನ್ನಿಸುತ್ತಿತ್ತು. ಎಂಟೇ ಎಸೆತ ಜಾಸ್ತಿ. ಮುಂದಿನ ಪಂದ್ಯಕ್ಕೆ ತಂಡ ಬೇರೆ ಊರಿಗೆ ಹೋದರೆ ಆ ಮೂರನೆಯದು ಯಾರದೋ ಊರಿನಲ್ಲಿ, ಯಾರದೋ ಜನರ ಮುಂದೆ ಆಗುತ್ತಿತ್ತು. 18 ವರ್ಷ ಇವನನ್ನೇ ನೋಡಲು ಬಂದ ಜನಕ್ಕೆ ಅದು ಮೋಸ ಅಲ್ವಾ?

ದಾಖಲೆ ನೋಡಿ ಆಡಬಾರದು ಅನ್ನೋದು ನಮಗೆ ಕ್ರಿಕೆಟ್‌ನಿಂದ ಬಂದ ಅಭ್ಯಾಸ. ಆದರೆ ಅಲ್ಲೂ ಲೆಕ್ಕ ಅಷ್ಟು ಸುಲಭ ಇಲ್ಲ. 2004ರಲ್ಲಿ ಮುಲ್ತಾನ್‌ನಲ್ಲಿ ಸಚಿನ್ 194ರಲ್ಲಿದ್ದಾಗ ಡಿಕ್ಲೇರ್ ಮಾಡಿದವರು ನಮ್ಮ ದ್ರಾವಿಡ್. 1999ರಲ್ಲಿ ಕೋಟ್ಲಾದಲ್ಲಿ ಕುಂಬ್ಳೆ 9 ವಿಕೆಟ್ ತೆಗೆದು ನಿಂತಾಗ, ಹತ್ತನೆಯದೂ ಅವರಿಗೇ ಸಿಗಲಿ ಅಂತ ಸ್ಟಂಪಿನಿಂದ ದೂರ ದೂರ ಎಸೆದವರು ನಮ್ಮ ಶ್ರೀನಾಥ್. ಮೊದಲನೆಯದಕ್ಕೆ ಕರ್ನಾಟಕದಲ್ಲೇ ಇವತ್ತಿಗೂ ಎರಡು ಪಕ್ಷ ಇದೆ. ಎರಡನೆಯದನ್ನು ತಪ್ಪು ಅಂದವರನ್ನು ನಾನಂತೂ ನೋಡಿಲ್ಲ. ದಾವಣಗೆರೆಯವನಿಗೆ ಇದನ್ನು ಹೇಳಿದಾಗ ಮಾತ್ರ ಅವನು ಎರಡು ನಿಮಿಷ ಸುಮ್ಮನಾದ. ಆಮೇಲೆ "ಅವರ ಹತ್ರ ಆಗ ರನ್ ಸಿಕ್ಕಾಪಟ್ಟೆ ಇತ್ತು, ಇವರು ಸೋಲ್ತಿದ್ರು" ಅಂದ. ಒಪ್ಪುತ್ತೇನೆ, ಅದೊಂದು ಪಾಯಿಂಟ್ ಇದೆ.

ಅಂದಹಾಗೆ ಡಾಡ್ಜರ್ಸ್ ಸೋಲಲಿಲ್ಲ. ಒಂಬತ್ತನೇ ಇನ್ನಿಂಗ್ಸ್‌ಗೆ 4-2 ಹಿಂದೆ ಇದ್ದವರು ಮೂರು ರನ್ ಮಾಡಿ, ಫ್ರೆಡ್ಡಿ ಫ್ರೀಮನ್ ಕೊನೆಯ ಹೊಡೆತ ಹೊಡೆದು 5-4ರಲ್ಲಿ ಗೆದ್ದರು. ಇದನ್ನು ನನ್ನ ವಾದಕ್ಕೆ ಸೇರಿಸಿಕೊಳ್ಳುತ್ತಿಲ್ಲ. ಸೋತಿದ್ದರೂ ಇದನ್ನೇ ಬರೆಯುತ್ತಿದ್ದೆ. 162 ಪಂದ್ಯದ ಸೀಸನ್ನಿನಲ್ಲಿ ಒಂದು ಬುಧವಾರ ಸೋಲುವುದು ದೊಡ್ಡ ವಿಷಯ ಅಲ್ಲ.

ನನಗೆ ಬೇರೆ ಒಂದು ತಕರಾರು ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಸೆಪ್ಟೆಂಬರ್ 18ಕ್ಕೆ ಕರ್ಷಾ ನಿವೃತ್ತಿ ಹೇಳಿದ. ಮರುದಿನವೇ, ಅದೂ ಜೈಂಟ್ಸ್ ಎದುರಿಗೇ, ಅವನು ಡಾಡ್ಜರ್ ಸ್ಟೇಡಿಯಂನಲ್ಲಿ ಎಸೆದ. ಐದನೇ ಇನ್ನಿಂಗ್ಸ್‌ನಲ್ಲಿ ಒಬ್ಬನೇ ಬ್ಯಾಟರ್, ರಫಾಯೆಲ್ ಡೆವರ್ಸ್, ಸ್ಟ್ರೈಕ್‌ಔಟ್. ತಕ್ಷಣ ರಾಬರ್ಟ್ಸ್ ಬಂದು ಅವನನ್ನು ಕರೆದುಕೊಂಡು ಹೋದರು. ಜನ ಎದ್ದು ನಿಲ್ಲಲಿ, ಅವನು ನಡೆದು ಬರಲಿ ಅಂತ ಮಾಡಿದ ಏರ್ಪಾಟು ಅದು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಸನ್ಮಾನ ಸಮಾರಂಭ ಅನ್ನುವ ಮಾತು ಒಪ್ಪುವುದು ಆ ರಾತ್ರಿಗೆ. ಜುಲೈ 2ರಂದು ಯಾರೂ ಏರ್ಪಾಟು ಮಾಡಿರಲಿಲ್ಲ. ವೈಟ್ ಸಾಕ್ಸ್‌ನವರು ಹೊಡೆಯುತ್ತಲೇ ಇದ್ದರು, ಆ ಮೂರನೆಯದು ಬರದೆಯೂ ಹೋಗಬಹುದಿತ್ತು.

ಅಕ್ಟೋಬರ್‌ನಲ್ಲಿ ಟೊರಾಂಟೋ ವಿರುದ್ಧ ವರ್ಲ್ಡ್ ಸೀರೀಸ್‌ನ, ಅಂದರೆ ಲೀಗಿನ ಫೈನಲ್ ಸರಣಿಯ, ಮೂರನೇ ಪಂದ್ಯದಲ್ಲೂ ಹೀಗೇ. ಒಂಬತ್ತರಲ್ಲಿ ಸಮವಾಗಿ ಆಟ ಮುಂದುವರಿದು 12ನೇ ಇನ್ನಿಂಗ್ಸ್, ಎಲ್ಲ ಬೇಸ್‌ಗಳಲ್ಲೂ ಟೊರಾಂಟೋ ಓಟಗಾರರು, ಎರಡು ಔಟ್. ರಾಬರ್ಟ್ಸ್ ಕರೆದದ್ದು ಕರ್ಷಾನನ್ನು. ಕಪ್ ನಿರ್ಧಾರವಾಗುವ ಅಕ್ಟೋಬರ್ ಪಂದ್ಯಗಳಲ್ಲಿ ಅವನು ಎಷ್ಟೋ ಸಲ ಹೊಡೆಸಿಕೊಂಡವನು. ಆ ಹಳೆಯ ಲೆಕ್ಕವೆಲ್ಲ ನಮ್ಮ ಗೆಳೆಯನಿಗೆ ಬಾಯಿಪಾಠ, ಆಗಲೂ ಶುರು ಮಾಡಿದ. ನೇಥನ್ ಲೂಕ್ಸ್ ಹೊಡೆದ ಚೆಂಡು ನೆಲದಲ್ಲಿ ಉರುಳಿ ಎರಡನೇ ಬೇಸಿನವನ ಕೈಗೆ ಹೋಯಿತು, ಅಲ್ಲಿಂದ ಮೊದಲನೇ ಬೇಸ್‌ಗೆ, ಔಟ್. ಆ ಪಂದ್ಯ 18 ಇನ್ನಿಂಗ್ಸ್ ನಡೆದು ಡಾಡ್ಜರ್ಸ್ ಗೆದ್ದರು, ಕೊನೆಗೆ ಸರಣಿಯನ್ನೂ. ಆ ಔಟ್ ಸ್ಟ್ರೈಕ್‌ಔಟ್ ಆಗಲಿಲ್ಲವಲ್ಲ ಅಂತ ಈ ಸಲ ಯಾರೂ "ಛೇ" ಅನ್ನಲಿಲ್ಲ.

ಲೆಕ್ಕದಲ್ಲಿ ಉಳಿದಿರುವುದು 3052. ಇನ್ನು ಮುಂದೆ ಯಾರು? ಪಿಚರ್‌ಗಳನ್ನು ಈಗ ಐದಾರು ಇನ್ನಿಂಗ್ಸ್‌ಗೇ ತೆಗೆಯುತ್ತಾರೆ, ಮೊಣಕೈ ಆಪರೇಷನ್ ಮಾಮೂಲಾಗಿದೆ. ಹತ್ತಿರ ಇರುವವನು ಅಟ್ಲಾಂಟಾದ ಕ್ರಿಸ್ ಸೇಲ್, ಅವನೂ ಎಡಗೈಯವನೇ, 2500 ದಾಟಿದ್ದಾನೆ. ಅವನಿಗೆ ಆಗುತ್ತೆ ಅಂತ ದಾವಣಗೆರೆ, ಆಗಲ್ಲ ಅಂತ ನಾನು. ಸೋತವರು ಬೆಣ್ಣೆದೋಸೆ ಕೊಡಿಸಬೇಕು, ಅದೂ ದಾವಣಗೆರೆಗೇ ಹೋಗಿ. ನೀವು ಯಾವ ಕಡೆ, ಕಾಮೆಂಟಿನಲ್ಲಿ ಹೇಳಿ. ಜೈಂಟ್ಸ್‌ನವರು ಬೈಯುವುದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.