ಕೋಸಂಬರಿಯ ಕೈ, ಸಲಾಡಿನ ಬಟ್ಟಲು

ನಮ್ಮ ಕೆಳಮನೆಯ ಅಜ್ಜಿ ಸೊಪ್ಪು ತೊಳೆದ ಮೇಲೆ ಅದನ್ನು ತಂತಿಯ ಬುಟ್ಟಿಗೆ ತುಂಬಿಕೊಂಡು ಅಂಗಳಕ್ಕೆ ಬರುತ್ತಾರೆ. ತೋಳನ್ನು ನೀಳವಾಗಿ ಚಾಚಿ ಬುಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಾರೆ. ಹನಿಗಳು ಸಿಡಿದು ಕಲ್ಲುಹಾಸಿನ ಮೇಲೆ ಕಮಾನಿನಂಥ ಗೆರೆ ಮೂಡುತ್ತದೆ. ಆಮೇಲೆ ಒಂದು ಎಲೆಯನ್ನು ತೆಗೆದು ಅಂಗೈ ಹಿಂಬದಿಗೆ ಒತ್ತಿ ನೋಡುತ್ತಾರೆ. ತಣ್ಣಗಿದ್ದು, ಪಸೆ ಅಂಟದಿದ್ದರೆ ಮಾತ್ರ ಒಳಗೆ ಹೋಗುತ್ತಾರೆ. ಫ್ರಾನ್ಸಿಗೆ ಬಂದ ಹೊಸದರಲ್ಲಿ ಇದನ್ನು ಕಿಟಕಿಯಿಂದ ನೋಡಿ, ಒಂದು ಹಿಡಿ ಸೊಪ್ಪಿಗೆ ಇಷ್ಟು ಉಪಚಾರವೇ ಎಂದುಕೊಂಡಿದ್ದೆ. ಈಗ ನಾನೂ ಬೀಸುತ್ತೇನೆ. ಹಣ್ಣು ಮತ್ತು ಹಸಿ ಸೊಪ್ಪಿನ ಸಲಾಡ್ ಕೆಡುವುದು ಹೆಚ್ಚಾಗಿ ಎಲೆಗೆ ಅಂಟಿಕೊಂಡ ನೀರಿನಿಂದಲೇ ಎಂಬುದು ನನಗೆ ಹಲವು ಬಟ್ಟಲು ಕೆಡಿಸಿದ ಮೇಲೆ ತಿಳಿಯಿತು.

ಈ ಮಾತನ್ನು ಬರೆಯಲು ಒಂದು ಬೇಸರವೂ ಕಾರಣ. ಇಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಸಲಾಡ್ ಎಂದರೆ ಪಥ್ಯ. ಊಟದಲ್ಲಿ ಯಾರಾದರೂ ಒಂದು ಬಟ್ಟಲು ಹೆಚ್ಚು ಬಡಿಸಿಕೊಂಡರೆ "ಏನು, ತೂಕ ಇಳಿಸುತ್ತಿದ್ದೀರಾ?" ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಹಸಿ ಸೊಪ್ಪು ತಿನ್ನುವುದು ನಮ್ಮ ಪದ್ಧತಿಯಲ್ಲ ಎಂದು ಕೆಲವರು ಖಚಿತವಾಗಿ ಹೇಳಿಬಿಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಹಕ್ಕರಿಕೆ, ಮೂಲಂಗಿ, ಈರುಳ್ಳಿ ಇಟ್ಟುಕೊಂಡು ಉಣ್ಣುವವರ ಮುಂದೆ ಈ ಮಾತು ನಿಲ್ಲುವುದಿಲ್ಲ. ದಕ್ಷಿಣದಲ್ಲಿ ಕೋಸಂಬರಿ ಇಲ್ಲದೆ ಹಬ್ಬದ ಎಲೆ ತುಂಬುವುದಿಲ್ಲ. ಹಸಿಯದನ್ನು ಹುಳಿ, ಉಪ್ಪು, ಎಣ್ಣೆಯಿಂದ ಹದಗೊಳಿಸಿ ತಿನ್ನುವ ವಿದ್ಯೆ ನಮ್ಮ ಕೈಯಲ್ಲಿ ಮೊದಲಿನಿಂದ ಇದೆ. ಆ ಕೈಗೆ ಇಲ್ಲಿಯ ಎಲೆಗಳ ಪರಿಚಯವಾಗಬೇಕು, ಅಷ್ಟೇ.

ಪರಿಚಯದಲ್ಲಿ ಮೊದಲ ತೊಡಕು ಬರುವುದು ಹೆಚ್ಚುವುದರಲ್ಲಿ. ನಮಗೆ ಸೊಪ್ಪು ಎಂದರೆ ಬೇಯುವ ವಸ್ತು. ಹುಳಿಗೋ ಪಲ್ಯಕ್ಕೋ ಹೋಗುವ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಿದರೆ ಅಷ್ಟು ಒಳ್ಳೆಯದು ಎಂಬುದು ನಮ್ಮ ಬೆರಳುಗಳಿಗೆ ಅಭ್ಯಾಸವಾಗಿಬಿಟ್ಟಿದೆ. ಹಸಿ ಲೆಟಿಸ್ ಎಲೆಯನ್ನು ಹಾಗೆ ಹೆಚ್ಚಿದರೆ ಕತ್ತರಿಸಿದ ಪ್ರತಿಯೊಂದು ಅಂಚಿನಿಂದಲೂ ರಸ ಸೋರುತ್ತದೆ. ಹತ್ತು ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ಹಸಿರು ನೀರು, ಮೇಲೆ ಸೊರಗಿದ ಚೂರುಗಳು. ಫ್ರೆಂಚರು ಎಲೆಯನ್ನು ಕೈಯಿಂದ ಹರಿಯುತ್ತಾರೆ. ತಟ್ಟೆಯಲ್ಲಿ ಕೂಡ ಎಲೆಯನ್ನು ಚಾಕುವಿನಿಂದ ಕತ್ತರಿಸದೆ ಮುಳ್ಳುಚಮಚದಿಂದ ಮಡಚಿ ಬಾಯಿಗಿಡುವುದು ಅವರ ಹಳೆಯ ಶಿಷ್ಟಾಚಾರ. ಮಾಶ್ ಎಂಬ ಪುಟ್ಟ ಎಲೆಯನ್ನಂತೂ ಹರಿಯುವುದೂ ಇಲ್ಲ, ಗೊಂಚಲನ್ನು ಗೊಂಚಲಾಗಿಯೇ ಬಿಡುತ್ತಾರೆ. ಅದರ ಬುಡದಲ್ಲಿ ಮರಳು ಅಡಗಿರುತ್ತದೆ. ದೊಡ್ಡ ಪಾತ್ರೆಯ ನೀರಿನಲ್ಲಿ ಎರಡು ಮೂರು ಸಲ ಜಾಲಾಡಿ, ಮರಳು ತಳಕ್ಕಿಳಿಯಲು ಬಿಟ್ಟು, ಎಲೆಗಳನ್ನು ಮೇಲಿನಿಂದ ಎತ್ತಿಕೊಳ್ಳಬೇಕು. ನೀರನ್ನು ಬಗ್ಗಿಸಿದರೆ ಮರಳು ಮತ್ತೆ ಎಲೆಯ ಮೇಲೆಯೇ ಬಂದು ಕೂರುತ್ತದೆ. ಬಾಡಿದ ಎಲೆಯಾದರೆ ತಣ್ಣೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಟ್ಟರೆ ಸಾಕು, ನೀರು ಕುಡಿದು ಮತ್ತೆ ಸೆಟೆದು ನಿಲ್ಲುತ್ತದೆ.

ತೇವ ಏಕೆ ಆರಬೇಕು? ಎಣ್ಣೆ ಒದ್ದೆ ಎಲೆಗೆ ಹಿಡಿಯುವುದಿಲ್ಲ, ಜಾರಿ ತಳ ಸೇರುತ್ತದೆ. ಹುಳಿಯೂ ಉಪ್ಪೂ ನೀರಿನಲ್ಲಿ ಕರಗಿ ಸಪ್ಪೆಯಾಗುತ್ತವೆ. ತಿನ್ನುವವರಿಗೆ ಸಿಗುವುದು ರುಚಿಯಿಲ್ಲದ ಎಲೆ, ಕೊನೆಗೆ ಎಣ್ಣೆ ತೇಲುವ ಹುಳಿನೀರು. ತಂತಿಯ ಬುಟ್ಟಿ ಇಲ್ಲದಿದ್ದರೆ ಹತ್ತಿಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಒದರಿದರೂ ಆಯಿತು.

ಆದರೆ ಉಪ್ಪಿನ ವಿಷಯದಲ್ಲಿ ನಾನು ಇವರಿಂದ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ಸಲಾಡ್ ಎಂಬ ಪದದ ಬೇರಿನಲ್ಲಿಯೇ ಲ್ಯಾಟಿನ್ನಿನ ಉಪ್ಪು ಇದೆ. ಉಪ್ಪು ಹಾಕಿದ್ದು ಎಂಬುದೇ ಅದರ ಮೂಲ ಅರ್ಥ. ನಮ್ಮ ಮನೆಗಳಲ್ಲಿ ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತಾರೆ ಎಂದು ನೆನಪಿಸಿಕೊಳ್ಳಿ. ಬೇಳೆ ನೆನೆದಿರುತ್ತದೆ, ಸೌತೆಕಾಯಿ ಹೆಚ್ಚಿರುತ್ತದೆ, ಕಾಯಿ ತುರಿದಿರುತ್ತದೆ, ಒಗ್ಗರಣೆಯೂ ಬಿದ್ದಿರುತ್ತದೆ. ಉಪ್ಪು ಮತ್ತು ನಿಂಬೆರಸ ಮಾತ್ರ ಎಲೆ ಹಾಕಿದ ಮೇಲೆ, ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ ಎಂದು ಅಡುಗೆಮನೆಯಲ್ಲಿ ಓಡಾಡುವ ಮಕ್ಕಳಿಗೂ ಗೊತ್ತಿರುತ್ತದೆ. ಇಲ್ಲಿ ಇದೇ ತಿಳಿವಳಿಕೆ ಬೇರೆ ರೂಪದಲ್ಲಿದೆ. ದೊಡ್ಡ ಬಟ್ಟಲಿನ ತಳದಲ್ಲಿಯೇ ಎಣ್ಣೆ, ಹುಳಿ, ಉಪ್ಪಿನ ರಸವಾದ ವಿನೆಗ್ರೆಟ್ ಕಲಸಿ, ಅದರ ಮೇಲೆ ಎರಡು ಮರದ ಚಮಚಗಳನ್ನು ಅಡ್ಡಡ್ಡ ಇಟ್ಟು, ಎಲೆಗಳನ್ನು ಆ ಚಮಚಗಳ ಮೇಲೆ ಕೂರಿಸುತ್ತಾರೆ. ಎಲೆ ರಸಕ್ಕೆ ತಾಗುವುದಿಲ್ಲ. ಮೇಜಿನ ಸುತ್ತ ಎಲ್ಲರೂ ಕುಳಿತ ಮೇಲೆ ಚಮಚಗಳನ್ನು ಎಳೆದು ಅಡಿಮೇಲಾಗಿ ತಿರುವುತ್ತಾರೆ. ಹೀಗೆ ಚೆನ್ನಾಗಿ ತಿರುವುವುದಕ್ಕೆ ಅವರು ಬಳಸುವ ಮಾತಿಗೆ "ಸಲಾಡನ್ನು ದಣಿಸು" ಎಂಬ ಅರ್ಥವಿದೆ. ಎಲೆಯ ಮೇಲಿನ ಮೇಣದಂಥ ಪೊರೆ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಎಣ್ಣೆ ಒಳಗೆ ಇಳಿದಂತೆ ಎಲೆ ಕುಗ್ಗುತ್ತದೆ. ಹಾಗಾಗಿ ಅವಸರ ಇಬ್ಬರಿಗೂ ಒಂದೇ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಸಾಸಿವೆ. ಎರಡೂ ಅಡುಗೆಮನೆಗಳಲ್ಲಿ ಅದೇ ಇದೆ, ಆದರೆ ಎರಡು ಅವತಾರಗಳಲ್ಲಿ. ನಾವು ಅದನ್ನು ಕಾದ ಎಣ್ಣೆಯಲ್ಲಿ ಸಿಡಿಸುತ್ತೇವೆ. ಘಾಟು ಹೋಗಿ ಹುರಿದ ಬೀಜದ ಪರಿಮಳ ಉಳಿಯುತ್ತದೆ. ಇವರು ಅದನ್ನು ಅರೆದು ವಿನಿಗರ್‌ನಲ್ಲಿ ಕಲಸುತ್ತಾರೆ. ಮೂಗಿಗೇರುವ ಘಾಟು ಹಾಗೆಯೇ ಉಳಿಯುತ್ತದೆ. ಬೀಜ ಒಡೆದು ನೀರು ತಾಗಿದಾಗಲೇ ಆ ಘಾಟು ಹುಟ್ಟುವುದು, ಕಾವು ತಾಗಿದರೆ ಅದನ್ನು ಹುಟ್ಟಿಸುವ ಕಿಣ್ವ ನಾಶವಾಗುತ್ತದೆ. ಅರೆದ ಸಾಸಿವೆಗೆ ಇನ್ನೊಂದು ಗುಣವಿದೆ: ಎಣ್ಣೆಯನ್ನೂ ಹುಳಿಯನ್ನೂ ಬೇರೆಯಾಗಲು ಬಿಡದೆ ಹಿಡಿದಿಡುತ್ತದೆ. ಕಾದ ಒಗ್ಗರಣೆಯನ್ನು ನೇರವಾಗಿ ಲೆಟಿಸ್ ಮೇಲೆ ಸುರಿದರೆ ಎಲೆ ಅಲ್ಲಿಯೇ ಬೆಂದು ಕಪ್ಪಾಗುತ್ತದೆ. ಆರಿಸಿ ಹಾಕಿದರೆ ಚೆನ್ನಾಗಿರುತ್ತದೆ.

ಇನ್ನು ಹಣ್ಣು. ಇಲ್ಲಿ ಫ್ರೆಂಚರ ಕೈ ಅಂಜುತ್ತದೆ ಎಂದೇ ನನ್ನ ಅಭಿಪ್ರಾಯ. ಅವರ ಚಳಿಗಾಲದ ಮೇಜಿನ ಮೇಲೆ ಆಂದೀವ್, ಸೇಬು, ಅಕ್ರೋಟಿನ ಸಲಾಡ್ ಬರುತ್ತದೆ. ಆಂದೀವ್ ಎಂದರೆ ಕತ್ತಲೆಯಲ್ಲಿ ಮೊಳೆಸಿದ ಬಿಳುಪಾದ, ತುಸು ಕಹಿಯಾದ ಮೊಗ್ಗಿನಂಥ ಎಲೆ. ಕಹಿಗೆ ಸೇಬಿನ ಸಿಹಿ, ಮೆತ್ತಗಿನದಕ್ಕೆ ಅಕ್ರೋಟಿನ ಬಿರುಸು, ಜೋಡಿ ಚೆನ್ನಾಗಿದೆ. ಆದರೆ ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಹಣ್ಣಿಗೆ ಖಾರ ಸೇರಬಹುದೆಂಬ ಯೋಚನೆ ಅವರಿಗೆ ಸುಲಭವಾಗಿ ಬರುವುದಿಲ್ಲ. ಸೀಬೆಹಣ್ಣನ್ನು ಸೀಳಿ ಉಪ್ಪು ಖಾರದ ಪುಡಿ ಸವರಿ ತಿಂದವರು, ಮಾವಿನಕಾಯಿಯ ಹೋಳಿಗೆ ಅದನ್ನೇ ಉದುರಿಸಿಕೊಂಡವರು ನಾವು. ಕಿತ್ತಳೆಯ ತೊಳೆಯ ಪಕ್ಕದಲ್ಲಿ ಒಂದು ಹಸಿಮೆಣಸಿನಕಾಯಿಯ ತೆಳು ಚೂರು ಬಂದಾಗ ಆ ಸಿಹಿ ಹೇಗೆ ಎಚ್ಚರಗೊಳ್ಳುತ್ತದೆ ಎಂಬುದು ನಮ್ಮ ನಾಲಿಗೆಗೆ ಗೊತ್ತು.

ಸಂಜೆ ಕೆಲಸದಿಂದ ಬಂದು ಹದಿನೈದು ನಿಮಿಷದಲ್ಲಿ ನಾನು ಮಾಡುವುದು ಹೀಗೆ. ನಾಲ್ವರಿಗೆ 150 ಗ್ರಾಂ ಎಲೆ, ಮಾಶ್ ಅಥವಾ ಎಳೆ ಪಾಲಕ್. ಮೊದಲು ಎಲೆ ತೊಳೆದು ಬೀಸಿ ಬಟ್ಟೆಯ ಮೇಲೆ ಹರಡುತ್ತೇನೆ. ಅದು ಆರುವಷ್ಟರಲ್ಲಿ ಒಂದು ಕಿತ್ತಳೆಯ ಸಿಪ್ಪೆಯನ್ನೂ ಬಿಳಿಯ ಪೊರೆಯನ್ನೂ ಚಾಕುವಿನಿಂದ ತೆಗೆದು, ತೊಳೆ ಬಿಡಿಸಿ, ಸೋರುವ ರಸವನ್ನು ಬಟ್ಟಲಿನಲ್ಲಿಯೇ ಹಿಡಿಯುತ್ತೇನೆ. ಆ ರಸಕ್ಕೆ ಒಂದು ಚಮಚ ನಿಂಬೆರಸ, ಎರಡು ಚಮಚ ಎಣ್ಣೆ. ಇಲ್ಲಿಯ ಲೆಕ್ಕದಲ್ಲಿ ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ; ಹಣ್ಣಿನ ಸಿಹಿಯೇ ಹುಳಿಯನ್ನು ಮೆತ್ತಗಾಗಿಸುವುದರಿಂದ ನನಗೆ ಎರಡು ಸಾಕು. ಸೇಬನ್ನು ಹೋಳು ಮಾಡಿದ ಕೂಡಲೇ ಈ ರಸದಲ್ಲಿ ಹೊರಳಿಸುತ್ತೇನೆ, ಇಲ್ಲವಾದರೆ ಕಂದುತ್ತದೆ. ಹಸಿಮೆಣಸು, ಒಂದು ಹಿಡಿ ದಾಳಿಂಬೆ, ಕೊನೆಗೆ ಎಲೆ. ಎಲ್ಲರೂ ಕುಳಿತ ಮೇಲೆ ಉಪ್ಪು. ಅನಾನಸ್ ಇದ್ದ ದಿನ ಚೀಸನ್ನಾಗಲಿ ಮೊಸರನ್ನಾಗಲಿ ಅದರೊಂದಿಗೆ ಕಲಸಿಡುವುದಿಲ್ಲ. ಅದರ ಕಿಣ್ವ ಹಾಲಿನ ಪ್ರೋಟೀನನ್ನು ಮುರಿದು ಸ್ವಲ್ಪ ಹೊತ್ತಿಗೆ ಕಹಿ ಮಾಡುತ್ತದೆ. ಕಿವಿ ಹಣ್ಣೂ ಹಾಗೆಯೇ.

ಎಣ್ಣೆಯೇ ಬೇಡ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಸೊಪ್ಪಿನ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಜಿಡ್ಡು ಇರಬೇಕು. ಎಲೆಯ ಕಬ್ಬಿಣಾಂಶ ಸೇರಲು ನಿಂಬೆ ಕಿತ್ತಳೆಗಳ ಸಿ ಜೀವಸತ್ವ ನೆರವಾಗುತ್ತದೆ. ಎಣ್ಣೆ ಬಿಟ್ಟು, ಬಾಟಲಿಯ ಸಿಹಿ ಡ್ರೆಸಿಂಗ್ ಸುರಿದು ಪಥ್ಯ ಎನ್ನುವುದು ಸೊಪ್ಪಿಗೂ ಅನ್ಯಾಯ, ತಿನ್ನುವವರಿಗೂ ಅನ್ಯಾಯ.

ಊಟದಲ್ಲಿ ಇದರ ಜಾಗದ ಬಗ್ಗೆ ಮಾತ್ರ ನಾನು ಇಲ್ಲಿಯವರ ದಾರಿಗೆ ಬರಲಾಗಿಲ್ಲ. ಇವರು ಮುಖ್ಯ ಪದಾರ್ಥ ಮುಗಿದ ಮೇಲೆ, ಚೀಸಿಗೆ ಮುಂಚೆ ಹಸಿ ಎಲೆ ತಿನ್ನುತ್ತಾರೆ. ನನಗೆ ಅದು ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಪಕ್ಕದಲ್ಲಿ ಇರಬೇಕು, ಸಾರನ್ನದ ನಡುವೆ ಬೆರಳು ಅತ್ತ ಹೋಗಬೇಕು.

ಕಳೆದ ಚಳಿಗಾಲ ಅಮ್ಮ ಬಂದಿದ್ದರು. ಅಜ್ಜಿ ಒಂದು ಬಟ್ಟಲು ಆಂದೀವ್ ಸಲಾಡ್ ತಂದುಕೊಟ್ಟರು. ಅಮ್ಮ ನಿಧಾನವಾಗಿ ಅಗಿದು, "ಕೋಸಂಬರಿಯೇ ಕಣಪ್ಪ ಇದು, ಬೇಳೆ ಹಾಕಿಲ್ಲ" ಎಂದರು. ಮರುದಿನ ಮಾಶ್ ಎಲೆಗೆ ನೆನೆಸಿದ ಹೆಸರುಬೇಳೆ, ಸೇಬು, ಹಸಿಮೆಣಸು, ಆರಿದ ಇಂಗು ಸಾಸಿವೆಯ ಒಗ್ಗರಣೆ ಸೇರಿಸಿ ಅದೇ ಬಟ್ಟಲಿನಲ್ಲಿ ಕಳಿಸಿಕೊಟ್ಟರು. ತೆಂಗಿನ ತುರಿ ಹಾಕಲಿಲ್ಲ, ಸೇಬಿಗೆ ಅದು ಹೊಂದುವುದಿಲ್ಲವಂತೆ. ಸಂಜೆ ಅಜ್ಜಿ ಖಾಲಿ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದು, ತಳದಲ್ಲಿ ಉಳಿದಿದ್ದ ಒಂದು ಹಳದಿ ಬೇಳೆಯನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿ, ಇದನ್ನು ಎಷ್ಟು ಹೊತ್ತು ನೆನೆಸಬೇಕು ಎಂದು ಕೇಳಿದರು. ನಾನು ಅದನ್ನು ಅಮ್ಮನಿಗೆ ಹೇಳುವ ಮೊದಲೇ ಅಮ್ಮ ಎರಡು ಬೆರಳು ಎತ್ತಿ ಗಡಿಯಾರದ ಕಡೆ ತೋರಿಸಿದರು.