ಕಂಪ್ರೆಸರ್ ಬದಲಿಸುವ ಮೊದಲು ಎಸಿ ಬಂದ್ ಮಾಡಿ ಸದ್ದು ಕೇಳಿ

ಮೇ ತಿಂಗಳ ಕಲಬುರಗಿಯಲ್ಲಿ ಕಾರಿನ ಎಸಿ ಶೋಕಿಗಲ್ಲ. 42 ಡಿಗ್ರಿ ಬಿಸಿಲಲ್ಲಿ ಜೇವರ್ಗಿಯಿಂದ ಅವ್ವನನ್ನು ಆಸ್ಪತ್ರೆಗೆ ಕರೆತರುವಾಗ ಅದು ಬೇಕೇ ಬೇಕು.

ಬಾನೆಟ್ ಒಳಗಿಂದ ಗರಗರ ಸದ್ದು ಶುರುವಾಯಿತು. ವರ್ಕ್‌ಶಾಪ್‌ನಲ್ಲಿ ಎರಡು ನಿಮಿಷ ನೋಡಿ, "ಕಂಪ್ರೆಸರ್ ಹೋಗ್ಯಾದ್ರಿ, ಪೂರಾ ಬದಲಿ ಮಾಡಬೇಕು" ಅಂದರು. ಕಂಪ್ರೆಸರ್ ಅಂದರೆ ಎಸಿ ಗ್ಯಾಸನ್ನು ಒತ್ತಿ ಪೈಪಿನಲ್ಲಿ ಓಡಿಸುವ ಪಂಪು. 22 ಸಾವಿರ! ಎಸಿ ಹಾಕಿ, ಬಂದ್ ಮಾಡಿ ಒಮ್ಮೆಯೂ ಸದ್ದು ಕೇಳಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಪಕ್ಕದ ಮನೆಯ ಕಾಕಾ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. "ಎಸಿ ಬಂದ್ ಮಾಡು ತಮ್ಮಾ, ಆವಾಜ್ ಹೋಗ್ತದೇನು ನೋಡಮು" ಅಂದರು. ಹೋಗಲಿಲ್ಲ. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಎಸಿ ಬಂದ್ ಇದ್ದರೂ ಇಂಜಿನ್ನಿನ ಬೆಲ್ಟು ಕಂಪ್ರೆಸರ್ ಮುಂದಿನ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ತಿರುಗಿಸುತ್ತಲೇ ಇರುತ್ತದೆ. ಎಸಿ ಹಾಕಿ, ಪುಲ್ಲಿಯನ್ನು ಶಾಫ್ಟಿಗೆ ಜೋಡಿಸುವ ಕ್ಲಚ್ ಹಿಡಿದಾಗ ಮಾತ್ರ ಒಳಗಿನ ಶಾಫ್ಟ್ ತಿರುಗುತ್ತದೆ. ಹಾಗಾಗಿ ಬಂದ್ ಇದ್ದಾಗಲೂ ಸದ್ದು ಬಂದರೆ ಮೊದಲ ಅನುಮಾನ ಪುಲ್ಲಿಯ ಬೇರಿಂಗ್ ಮೇಲೆ, ಇಲ್ಲವೇ ಬೆಲ್ಟ್ ಬಿಗಿ ಮಾಡುವ ರೋಲರ್ ಮೇಲೆ. ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುವ ಗಾಡಿಗಳ ಮಾತು ಬೇರೆ.

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ವೈರ್ ತೆಗೆದು, ಬೆಲ್ಟ್ ಬಿಚ್ಚಿ, ಒಂದೊಂದನ್ನೇ ಕೈಯಲ್ಲಿ ತಿರುಗಿಸಿದೆ. ರೋಲರ್ ನುಣ್ಣಗಿತ್ತು. ಪುಲ್ಲಿ ಮಾತ್ರ ಒಳಗೆ ಮರಳು ಸೇರಿದಂತೆ ಗರಗರ.

ನಡುವಿನ ಬೋಲ್ಟ್ ಬಿಚ್ಚಿ ಕ್ಲಚ್ ಪ್ಲೇಟ್ ತೆಗೆದೆ. ಅದರ ಹಿಂದೆ ತೆಳ್ಳನೆಯ ವಾಷರ್‌ಗಳಿರುತ್ತವೆ, ಒಂದೂ ಕಳೆಯಬೇಡಿ. ಪ್ಲೇಟ್ ಮತ್ತು ಪುಲ್ಲಿಯ ನಡುವಿನ ಗ್ಯಾಪ್ ಅವುಗಳ ಮೇಲೆಯೇ ನಿಂತಿದೆ. ಆಮೇಲೆ ಪುಲ್ಲಿಯನ್ನು ಹಿಡಿದಿಡುವ ಸರ್‌ಕ್ಲಿಪ್ ತೆಗೆದರೆ ಪುಲ್ಲಿ ಹೊರಗೆ. ಹಳೇ ಬೇರಿಂಗಿನ ಮೇಲಿನ ನಂಬರ್ ತೋರಿಸಿ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಹೊಸದು ತಂದೆ, 600 ರೂಪಾಯಿ. ಸುತ್ತಿಗೆ ಮುಟ್ಟಲಿಲ್ಲ. ಲೇತ್ ಅಂಗಡಿಯವರು ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಡ ಕೊಟ್ಟು ಪ್ರೆಸ್‌ನಲ್ಲಿ ಕೂರಿಸಿಕೊಟ್ಟರು. ಒಳಗಿನ ರಿಂಗ್ ಒತ್ತಿದರೆ ಹೊಸ ಬೇರಿಂಗೂ ಹಾಳು. ಕೊನೆಗೆ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಇಟ್ಟು ಗ್ಯಾಪ್ ನೋಡಿದೆ: 0.5 ಮಿಲಿಮೀಟರ್. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಕಡಿಮೆಯಾದರೆ ಪ್ಲೇಟ್ ಉಜ್ಜುತ್ತದೆ, ಜಾಸ್ತಿಯಾದರೆ ಕ್ಲಚ್ ಜಾರಿ ಸುಡುತ್ತದೆ.

ಇಷ್ಟರಲ್ಲಿ ಗ್ಯಾಸ್ ಪೈಪ್ ಮುಟ್ಟಲೇ ಇಲ್ಲ, ನೀವೂ ಮುಟ್ಟಬೇಡಿ. ಎಸಿಯೊಳಗಿನ ಆರ್134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಚಿಮ್ಮಿದರೆ ಬೆರಳು, ಕಣ್ಣು ಹೆಪ್ಪುಗಟ್ಟುತ್ತವೆ. ಎಸಿ ಹಾಕಿದಾಗ ಮಾತ್ರ ಸದ್ದು ಬಂದರೆ ತೊಂದರೆ ಕ್ಲಚ್‌ನಲ್ಲಿರಬಹುದು, ಕಂಪ್ರೆಸರ್ ಒಳಗೂ ಇರಬಹುದು. ಒಳಗೇ ಸವೆದಿದ್ದರೆ ಲೋಹದ ಪುಡಿ ಪೈಪಿನುದ್ದಕ್ಕೂ ಹರಿದಿರುತ್ತದೆ. ಅದನ್ನು ತೊಳೆದು, ತೇವ ಹೀರುವ ಡ್ರೈಯರ್ ಬದಲಿಸಿ, ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ ಗ್ಯಾಸ್ ತುಂಬುವುದು ಎಸಿ ಮೆಕ್ಯಾನಿಕ್ ಕೆಲಸ.

ಇನ್ನೊಂದು ಮಾತು. ಪ್ರತಿ ಬೇಸಿಗೆಗೂ ಸುಮ್ನೆ ಗ್ಯಾಸ್ ತುಂಬಿಸಿಕೊಂಡು ಬರುತ್ತೇವೆ, ಅಲ್ವಾ? ಗ್ಯಾಸ್ ಸೋರಿದರೆ ಅದರ ಜೊತೆ ಆಯಿಲೂ ಹೋಗುತ್ತದೆ. ಆಯಿಲ್ ಇಲ್ಲದ ಕಂಪ್ರೆಸರ್ ಒಣಗಿ ಸವೆಯುತ್ತದೆ. ಎಲ್ಲಿ ಸೋರುತ್ತಿದೆ ಅಂತ ಮೊದಲು ಹುಡುಕಿಸಿ, ಆಮೇಲೆ ತುಂಬಿಸಿ.

ಒಂದು ಭಾನುವಾರದಲ್ಲಿ ನನ್ನ ಕೆಲಸ ಮುಗಿಯಿತು. ಸೋಮವಾರ ಜೇವರ್ಗಿಯಿಂದ ಬರುವಾಗ ಎಸಿ ತಂಪಿಗೆ ಅವ್ವ ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ಹಳೇ ಬೇರಿಂಗ್ ಕಾರಿನಲ್ಲೇ ಇಟ್ಟುಕೊಂಡಿದ್ದೇನೆ. ನಿಮ್ಮ ಗಾಡಿಯಲ್ಲೂ ಸದ್ದು ಬರುತ್ತಿದ್ದರೆ ಬನ್ನಿ, ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ.